ನಾಗಾವಿಯ ಆರು ಸರಸ್ವತೀ ಭಂಡಾರಿಗರು

ಕಲಬುರಗಿ ಜಿಲ್ಲೆ ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಗೆ ಹೆಚ್ಚಿನವರು ಬರುವುದು ಯಲ್ಲಮ್ಮನ ದರ್ಶನಕ್ಕೆ. ತೆಲಂಗಾಣದ ಅಲಂಪುರದ ನವಬ್ರಹ್ಮ ಗುಡಿಗಳಲ್ಲಿ ಶಾಸನದ ರುಚಿ ಹತ್ತಿಸಿಕೊಂಡು ಬಂದವರ ಕಾಲು ಮಾತ್ರ ಮೊದಲು ಅರವತ್ತು ಕಂಬದ ಗುಡಿಯ ಕಡೆ ತಿರುಗುತ್ತದೆ. ಕಂಬಗಳ ನಡುವೆ ಅಡ್ಡಾಡುವಾಗ ಅವರನ್ನು ಕಾಡುವುದು ಒಂದೇ ಪ್ರಶ್ನೆ: ಪುಸ್ತಕ ಇಡುತ್ತಿದ್ದದ್ದು ಎಲ್ಲಿ?

ಇಲ್ಲಿನ ಘಟಿಕಾಸ್ಥಾನ ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡ ವಿದ್ಯಾಕೇಂದ್ರ. ಒಂದನೇ ಸೋಮೇಶ್ವರನ ದಂಡನಾಯಕ ಮಧುಸೂದನ ಬಿಟ್ಟ ದತ್ತಿಯನ್ನು 1058ರ ಶಾಸನ ಹೇಳುತ್ತದೆ. ನಿಜಾಮ ಸಂಸ್ಥಾನದ ಪುರಾತತ್ವ ಇಲಾಖೆ 1928ರಲ್ಲಿ ನಾಗಾವಿಯ ಕನ್ನಡ ಶಾಸನಗಳನ್ನು ಅಚ್ಚು ಹಾಕಿಸಿತು. ಘಟಿಕಾಸ್ಥಾನದಲ್ಲಿ ವೇದ ಓದುವವರು, ಶಾಸ್ತ್ರ ಓದುವವರು ಸೇರಿ ಸುಮಾರು 250 ವಿದ್ಯಾರ್ಥಿಗಳು. ವೇದಕ್ಕೆ 3, ಶಾಸ್ತ್ರಕ್ಕೆ 3, ಒಟ್ಟು 6 ಉಪಾಧ್ಯಾಯರು. ಪುಸ್ತಕ ನೋಡಿಕೊಳ್ಳಲು ಸರಸ್ವತೀ ಭಂಡಾರಿಗರು, ಅವರೂ 6!

ಕಲಿಸುವವರಷ್ಟೇ ಪುಸ್ತಕ ಕಾಯುವವರು. ಇಂಥ ಲೆಕ್ಕ ಇಂದಿನ ಯಾವ ಕಾಲೇಜಿನಲ್ಲಿದೆ? ತಾಳೆಗರಿಯ ಗೋಜು ಬಲ್ಲವರಿಗೆ ಇದು ಅತಿ ಎನ್ನಿಸುವುದಿಲ್ಲ. ಗರಿಗೆ ಎಣ್ಣೆ ಸವರಬೇಕು, ಹುಳುವಿನಿಂದ ಕಾಪಾಡಬೇಕು, ಮಸಿ ಮಾಸಿದರೆ ಮತ್ತೆ ತೀಡಬೇಕು, ಹಲಗೆ ಬಿಗಿದು ಬಟ್ಟೆಯಲ್ಲಿ ಸುತ್ತಿಡಬೇಕು. ಪೂರ್ತಿ ಕೆಡುವ ಮೊದಲೇ ಹೊಸ ಪ್ರತಿ ತೆಗೆಯಬೇಕು. ಈ ಆರು ಮಂದಿ ಇವನ್ನೆಲ್ಲ ಮಾಡುತ್ತಿದ್ದರೆಂದು ಶಾಸನವೇನೂ ವಿವರಿಸುವುದಿಲ್ಲ. ಆದರೆ 250 ಓದುಗರ ಕೈಯಲ್ಲಿ ಓಡಾಡುವ ಕಟ್ಟುಗಳಿಗೆ ಇಬ್ಬರು ಮೂವರು ಸಾಲರು ಎಂದು ಊಹಿಸುವುದು ಕಷ್ಟವಲ್ಲ. ಉಪಾಧ್ಯಾಯರಂತೆ ಇವರಿಗೂ ಜಮೀನು ಬಿಟ್ಟಿದ್ದರು ಎಂಬುದು ದಾನಿಯ ಮೇಲೆ ಅಕ್ಕರೆ ಹುಟ್ಟಿಸುವ ಸಂಗತಿ.

ಇದನ್ನೇ ಕನ್ನಡ ನಾಡಿನ ಮೊದಲ ಸಾರ್ವಜನಿಕ ಗ್ರಂಥಾಲಯ ಎಂದು ಕರೆದರೆ ಮಾತ್ರ ಒಪ್ಪಲಾಗದು. ಊರಿನ ಒಕ್ಕಲಿಗನೋ ನೇಕಾರನೋ ಬಂದು ಕಟ್ಟು ಬಿಚ್ಚಿ ಓದುವ ಜಾಗ ಅದಾಗಿರಲಿಲ್ಲ. ಆ ಬಾಗಿಲು ತೆರೆಯಲು ಶತಮಾನಗಳೇ ಬೇಕಾದವು. ನಾಗಾವಿಯೂ ಸೇರಿದ್ದ ನಿಜಾಮ ಸಂಸ್ಥಾನದ ಹೈದರಾಬಾದಿನಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ 1901ರಲ್ಲಿ ಹುಟ್ಟಿತು. ಗ್ರಂಥಾಲಯ ಕಾನೂನು ಬಂದದ್ದು ಅದಕ್ಕೂ ಅರ್ಧ ಶತಮಾನದ ಮೇಲೆ.

1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಅಲಂಪುರ ಆಂಧ್ರಕ್ಕೂ ಚಿತ್ತಾಪುರ ಮೈಸೂರಿಗೂ ಸೇರಿದವು. ಆಂಧ್ರದ ಗ್ರಂಥಾಲಯ ಕಾಯ್ದೆ 1960ರದು, ನಮ್ಮದು 1965ರದು. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಅಲಂಪುರ ಈಗಿರುವ ತೆಲಂಗಾಣದಲ್ಲಿ ಅದು 8 ರೂಪಾಯಿ. ಅಂದು ದಂಡನಾಯಕನೊಬ್ಬ ಬಿಟ್ಟ ಹೊಲದ ಜಾಗದಲ್ಲಿ ಇಂದು ಮನೆಮನೆಯ ಕಂದಾಯವಿದೆ. ನಮ್ಮಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂಬ ಹೆಸರು ಬಂದಿದೆ. ಬಾಗಿಲು ತೆರೆಯುವುದು, ಪತ್ರಿಕೆ ಜೋಡಿಸುವುದು, ಮಕ್ಕಳಿಗೆ ಪುಸ್ತಕ ಹುಡುಕಿಕೊಡುವುದು ಎಲ್ಲಕ್ಕೂ ಅಲ್ಲಿರುವುದು ಸಾಮಾನ್ಯವಾಗಿ ಒಬ್ಬರೇ ಮೇಲ್ವಿಚಾರಕರು.