ಅನ್ಯರ ಬಲೆ, ಆದಿವಾಸಿಗಳ ಕಡಲು

ಕಡಲಿನಲ್ಲಿ ಕಳೆದುಹೋದ ಮೀನುಬಲೆಯು ತಾನೇ ತಾನಾಗಿ ಬೇಟೆಯನ್ನು ಮುಂದುವರಿಸುತ್ತದೆಂದರೆ ಓದುಗರು ಸಹಸಾ ನಂಬಲಾರರು. ಹಿಂದಿನವರು ಹತ್ತಿ, ಸೆಣಬುಗಳ ನಾರಿನಿಂದ ಹೆಣೆದ ಬಲೆ ನೀರಿನಲ್ಲಿ ಕೊಳೆತು ಇಲ್ಲವಾಗುತ್ತಿತ್ತು. ಇಂದಿನದು ನೈಲಾನ್ ಮೊದಲಾದ ಪ್ಲಾಸ್ಟಿಕ್ ನೂಲಿನದು. ಅದಕ್ಕೆ ಕೊಳೆಯುವ ಗುಣವೇ ಇಲ್ಲ. ಒಡೆಯನಿಲ್ಲದೆ ತೇಲುತ್ತ, ಸಿಕ್ಕಿದ ಜೀವಿಗಳನ್ನು ಕೊಲ್ಲುತ್ತ ಸಾಗುವ ಇದನ್ನು ಬಲ್ಲವರು ‘ಪ್ರೇತಬಲೆ’ ಎಂದು ಕರೆದಿರುವುದು ಯುಕ್ತವಾಗಿದೆ.

ಆಸ್ಟ್ರೇಲಿಯದ ಉತ್ತರಕ್ಕಿರುವ ಕಾರ್ಪೆಂಟೇರಿಯಾ ಕೊಲ್ಲಿಯ ಬಾಯಿ ಅರಫುರಾ ಸಮುದ್ರದ ಕಡೆಗೆ ತೆರೆದಿದೆ. ಮಳೆಗಾಲದ ವಾಯವ್ಯ ಮಾರುತವು ಬಲೆಗಳನ್ನು ಒಳಕ್ಕೆ ನೂಕುತ್ತದೆ. ಕೊಲ್ಲಿಯ ಸುತ್ತುಪ್ರವಾಹವು ಅವನ್ನು ಸುಲಭವಾಗಿ ಹೊರಬಿಡದು. ಬಹುಪಾಲು ಬಲೆಗಳು ಆಸ್ಟ್ರೇಲಿಯದವಲ್ಲ, ಆಗ್ನೇಯ ಏಷ್ಯದ ಕಡಲುಗಳಿಂದ ಬಂದವು.

ಕೊಲ್ಲಿಯ ಪಶ್ಚಿಮ ದಿಕ್ಕಿನ ಆರ್ನ್‌ಹೆಮ್ ಲ್ಯಾಂಡ್ ಯೊಲ್ಂಗು ಜನರ ನೆಲ. ಅವರು ಕಡಲಾಮೆಯನ್ನು ‘ಮಿಯಪುನು’ ಎನ್ನುತ್ತಾರೆ. ಅದು ಅವರಿಗೆ ಆಹಾರ. ಹಾಡು, ಆಚರಣೆಗಳಲ್ಲಿಯೂ ಅದಕ್ಕೆ ಸ್ಥಾನವುಂಟು. ತಮ್ಮ ನೆಲಜಲಗಳ ಪಾಲನೆಗಾಗಿ ಅವರು 1992ರಲ್ಲಿ ‘ದಿಮುರ್ರು’ ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ಇದರಲ್ಲಿ ನಿರ್ಣಯ ನೆಲದ ಒಡೆತನವುಳ್ಳ ಕುಲಗಳದು. ಕಾವಲು ಅವರದೇ ಮಕ್ಕಳದು. ಈ ಕೆಲಸವನ್ನು ‘ನೆರವು’ ಎಂದು ಕರೆಯುವವರು ಯಾರ ಮನೆಗೆ ಯಾರು ನೆರವಾಗುತ್ತಿದ್ದಾರೆಂಬುದನ್ನು ಮರೆತಿರುತ್ತಾರೆ.

2004ರಿಂದ ಕೊಲ್ಲಿಯ ಸುತ್ತಣ ಹಲವು ಆದಿವಾಸಿ ಕಾವಲುಪಡೆಗಳು ಒಂದೇ ಯೋಜನೆಯಡಿ ಈ ಕಾರ್ಯಕ್ಕಿಳಿದವು. ಮರಳಿನಲ್ಲಿ ಹೂತ ದೊಡ್ಡ ಬಲೆಯನ್ನು ಕೈಯಿಂದ ಎಳೆಯಲಾಗದು; ತುಂಡರಿಸಿ ವಾಹನದಿಂದ ಸೆಳೆಯಬೇಕು. ಒಳಗೆ ಆಮೆಗೆ ಜೀವವಿದ್ದರೆ ಬಿಡಿಸಿ ನೀರಿಗೆ ಬಿಡುವುದು, ಸತ್ತಿದ್ದರೆ ಬರೆದಿಡುವುದು. ಕಣ್ಣಿಯ ಅಳತೆ, ನೂಲಿನ ಬಣ್ಣ, ಹೆಣಿಗೆಯ ರೀತಿ ಇವುಗಳನ್ನೂ ಗುರುತು ಹಾಕುತ್ತಾರೆ. ಬಲೆ ಯಾವ ಬಗೆಯ ಮೀನುಗಾರಿಕೆಯದೆಂದು ಊಹಿಸುವುದಕ್ಕೆ ಅದೇ ಆಧಾರ. ಈ ದಾಖಲೆಗಳಿಂದಲೇ ವಿಜ್ಞಾನಿಗಳು 2015ರಲ್ಲಿ 8,690 ಬಲೆಗಳ ಲೆಕ್ಕ ಹಾಕಿ, ಅವುಗಳಲ್ಲಿ ಸಿಲುಕಿದ ಆಮೆಗಳು 4,866ರಿಂದ 14,600ರಷ್ಟಿರಬಹುದೆಂದು ಅಂದಾಜು ಮಾಡಿದರು. ದಡದಲ್ಲಿ ನಡೆದವರ ಬರಹವಿಲ್ಲದೆ ಪ್ರಯೋಗಶಾಲೆಗೆ ಈ ಸಂಖ್ಯೆ ದೊರೆಯುತ್ತಿರಲಿಲ್ಲ.

ಟಾರೆಸ್ ಜಲಸಂಧಿಯ ಎರುಬ್ ದ್ವೀಪದವರಾದರೋ ಅದೇ ಬಲೆಯ ನೂಲಿನಿಂದ ಆಮೆ, ಮೀನುಗಳ ಶಿಲ್ಪಗಳನ್ನು ಹೆಣೆದರು. 2016ರಲ್ಲಿ ಅವು ಮೊನಾಕೊದ ಸಾಗರ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾದವು.

ಇಷ್ಟಾದರೂ ಬಲೆ ಕಡಲಿಗೆ ಬೀಳುವ ಜಾಗ ಇವರ ಅಧಿಕಾರದ ಹೊರಗಿದೆ. ಪ್ಲಾಸ್ಟಿಕ್ ಮಾಲಿನ್ಯದ ಬಗ್ಗೆ ಜಾಗತಿಕ ಒಪ್ಪಂದವೊಂದನ್ನು ರಚಿಸಬೇಕೆಂದು 2022ರಲ್ಲಿ ನೈರೋಬಿಯಲ್ಲಿ ಸೇರಿದ ರಾಷ್ಟ್ರಗಳು ನಿರ್ಣಯಿಸಿದಾಗ ಆದಿವಾಸಿಗಳ ಜ್ಞಾನವನ್ನೂ ಅದರಲ್ಲಿ ಹೆಸರಿಸಿದವು. ಆದರೆ 2024ರ ಬುಸಾನ್ ಸಭೆಯೂ 2025ರ ಆಗಸ್ಟ್‌ನ ಜಿನೀವಾ ಸಭೆಯೂ ಒಪ್ಪಂದವಿಲ್ಲದೆ ಮುಗಿದವು. ವಾಯವ್ಯ ಮಾರುತ ಮಾತ್ರ ಪ್ರತಿವರ್ಷ ತನ್ನ ಕಾಲಕ್ಕೆ ತಪ್ಪದೆ ಬೀಸುತ್ತಿದೆ.