12 ಸಾವಿರದ ಮೈದಾನ, 40 ವರ್ಷದ ಹಸಿವು

ಇಂಗ್ಲೆಂಡಿನ ಹಲ್ ನಗರದಲ್ಲಿ ದೊಡ್ಡ ರಗ್ಬಿ ಲೀಗ್ ಕ್ಲಬ್ ಎರಡು. ಪಶ್ಚಿಮದ ಹಲ್ ಎಫ್‌ಸಿ ಆಡೋ ಮೈದಾನದಲ್ಲಿ ಸುಮಾರು 25 ಸಾವಿರ ಜನ ಹಿಡೀತಾರೆ. ಆದ್ರೆ ಅದನ್ನ ಫುಟ್‌ಬಾಲ್ ಕ್ಲಬ್ ಜೊತೆ ಹಂಚ್ಕೋಬೇಕು. ಪೂರ್ವದ ಹಲ್ ಕೆಆರ್‌ನ ಕ್ರೇವನ್ ಪಾರ್ಕ್? ಹೆಚ್ಚುಕಮ್ಮಿ ಅರ್ಧ, 12 ಸಾವಿರ ಚಿಲ್ಲರೆ.

ಚಿಕ್ಕದು ಅಂತ ಮೂಗು ಮುರೀಬೇಡಿ. ಇವೆರಡೂ ಆಡೋ ಸೂಪರ್ ಲೀಗ್‌ನಲ್ಲಿ ಮೊದಲ ಆರು ತಂಡಕ್ಕೆ ಪ್ಲೇಆಫ್. ಅಗ್ರ ಎರಡಕ್ಕೆ ನೇರ ಸೆಮಿಫೈನಲ್, ಅದೂ ತವರಲ್ಲೇ. ಸೀಸನ್ ಪೂರ್ತಿ ಬೆವರು ಸುರಿಸೋದು ಆ ಒಂದು ರಾತ್ರಿಯ ಗದ್ದಲಕ್ಕೆ! ಫೈನಲ್ ಮಾತ್ರ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ.

2020ರಲ್ಲಿ ಕೆಆರ್ ಪಟ್ಟಿಯ ತಳದಲ್ಲಿತ್ತು. 2024ರ ಫೈನಲ್‌ನಲ್ಲಿ ವಿಗನ್ ತಂಡದ ಕೈಲಿ 9-2ರ ಸೋಲು. 2025ರಲ್ಲಿ ನೋಡಿ: ವೆಂಬ್ಲಿಯಲ್ಲಿ ಚಾಲೆಂಜ್ ಕಪ್, 40 ವರ್ಷದ ಮೇಲೆ ಸಿಕ್ಕ ಮೊದಲ ದೊಡ್ಡ ಟ್ರೋಫಿ. ಲೀಗ್‌ನಲ್ಲೂ ಮೊದಲ ಸ್ಥಾನ. ಕ್ರೇವನ್ ಪಾರ್ಕ್‌ನ ಸೆಮಿಫೈನಲ್‌ನಲ್ಲಿ ಸೇಂಟ್ ಹೆಲೆನ್ಸ್ ಔಟ್. ಅಕ್ಟೋಬರ್‌ನ ಫೈನಲ್‌ನಲ್ಲಿ ಅದೇ ವಿಗನ್ ಎದುರು 24-6. ಬಡ್ಡಿ ಸಮೇತ ವಸೂಲಿ!

ಅಂದಹಾಗೆ, ಈ ಆಟದಲ್ಲಿ ತಂಡಕ್ಕೆ 15 ಅಲ್ಲ, 13 ಜನ. ಹೊಸಬರು ಆ ಫೈನಲ್‌ನ ಹೈಲೈಟ್ಸ್‌ನಿಂದಲೇ ಶುರು ಮಾಡಿ.