ಉದ್ದರಿಯಿಂದ ಬೆಳೆದ ಬ್ರೂವರಿ, ದುರಾಸೆಯಿಂದ ಕಳೆದ ಮಾರುಕಟ್ಟೆ

ಸರಕು ಚೆನ್ನಾಗಿದ್ದರೆ ಗಿರಾಕಿ ತಾನಾಗಿಯೇ ಬರುತ್ತಾನೆ ಎಂಬ ನಂಬಿಕೆ ವ್ಯಾಪಾರ ವಲಯದಲ್ಲಿ ಬಹು ಹಳೆಯದು. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯಲು, ಒಂದು ಕಾಲದಲ್ಲಿ ಹಡಗುಗಳ ಮೂಲಕ ಭಾರತಕ್ಕೆ ಬರುತ್ತಿದ್ದ ಬ್ರಿಟಿಷ್ ಬಿಯರಿನ ಇತಿಹಾಸ ಉತ್ತಮ ನಿದರ್ಶನವಾಗಿದೆ. ಮದ್ಯಪಾನದ ಗುಣದೋಷ ಬೇರೆಯೇ ವಿಚಾರ. ಪ್ರಸ್ತುತ ಲೇಖನ ಅದರ ತಯಾರಿಕೆ ಮತ್ತು ವಾಣಿಜ್ಯಕ್ಕಷ್ಟೇ ಸೀಮಿತ.

ತಯಾರಿಕೆಯ ಹಳೆಯ ಕ್ರಮ

ಬಿಯರ್ ತಯಾರಿಕೆಯ ಮೊದಲ ಹಂತ ನಮ್ಮ ಮನೆಗಳಲ್ಲಿ ರಾಗಿ ಮಾಲ್ಟ್ ಮಾಡುವ ಕ್ರಮವನ್ನೇ ಹೋಲುತ್ತದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಕಾವಿನಲ್ಲಿ ಒಣಗಿಸುತ್ತಾರೆ. ಆ ಕಾಳನ್ನು ಒಡೆದು ಬಿಸಿನೀರಿನಲ್ಲಿ ಇರಿಸಿದಾಗ ಅದರಲ್ಲಿನ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತದೆ. ಈ ಸಿಹಿ ರಸವನ್ನು ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವಿನೊಂದಿಗೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡಲಾಗುತ್ತದೆ.

ಕಾಳನ್ನು ಹೇಗೆ ಒಣಗಿಸಲಾಯಿತು ಎಂಬುದರ ಮೇಲೆ ಬಿಯರಿನ ಬಗೆ ನಿರ್ಧಾರವಾಗುತ್ತಿತ್ತು. ಕಂದು ಮಾಲ್ಟಿನಿಂದ ತಯಾರಾಗಿ ತಿಂಗಳುಗಟ್ಟಲೆ ಮಾಗುತ್ತಿದ್ದ ಕಪ್ಪು ಛಾಯೆಯ ಬಿಯರ್ 18ನೇ ಶತಮಾನದ ಲಂಡನ್ನಿನಲ್ಲಿ ಜನಪ್ರಿಯವಾಯಿತು. ಮೂಟೆ ಹೊರುವ ಹಮಾಲರು, ಅಂದರೆ ಪೋರ್ಟರುಗಳು, ಇದನ್ನು ಹೆಚ್ಚಾಗಿ ಕುಡಿಯುತ್ತಿದ್ದುದರಿಂದ ಅದಕ್ಕೆ ಪೋರ್ಟರ್ ಎಂಬ ಹೆಸರೇ ನಿಂತಿತು. ಹೊಗೆಯಿಲ್ಲದ ಕೋಕ್ ಇಂಧನದಲ್ಲಿ ಒಣಗಿಸಿದ ತಿಳಿಬಣ್ಣದ ಮಾಲ್ಟಿನಿಂದ ಪೇಲ್ ಏಲ್ ತಯಾರಾಯಿತು. ಶೀತಲೀಕರಣ ಯಂತ್ರಗಳಿಲ್ಲದ ಆ ದಿನಗಳಲ್ಲಿ ಬೇಸಿಗೆಯಲ್ಲಿ ಹುದುಗು ಕೆಡುತ್ತಿದ್ದುದರಿಂದ, ಬಹುಕಾಲ ಇಡಬೇಕಾದ ಬಿಯರನ್ನು ತಂಪುಕಾಲದಲ್ಲೇ ತಯಾರಿಸುತ್ತಿದ್ದರು. ಹೆಚ್ಚು ಹಾಪ್ಸ್ ಬಳಸಿದರೆ ಬಾಳಿಕೆಯೂ ಹೆಚ್ಚು.

ಕಪ್ತಾನರ ಉದ್ದರಿ

ಲಂಡನ್ನಿನ ಪೂರ್ವಭಾಗದ ಬೋ ಎಂಬಲ್ಲಿ 1752ರಲ್ಲಿ ಜಾರ್ಜ್ ಹಾಡ್ಜ್‌ಸನ್ ಬ್ರೂವರಿಯೊಂದನ್ನು ಆರಂಭಿಸಿದನು. ಲಂಡನ್ನಿನ ದೊಡ್ಡ ಬ್ರೂವರಿಗಳ ಮುಂದೆ ಅದು ಚಿಕ್ಕದು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್ ಅಲ್ಲಿಗೆ ಹತ್ತಿರವಿತ್ತು. ಹಡಗಿನ ಕಪ್ತಾನರಿಗೆ ಸ್ವಂತ ವ್ಯಾಪಾರಕ್ಕಾಗಿ ಒಂದಿಷ್ಟು ಸರಕು ಒಯ್ಯುವ ಅವಕಾಶವಿತ್ತು. ಹಾಡ್ಜ್‌ಸನ್ ಮನೆತನ ಅವರಿಗೆ 12ರಿಂದ 18 ತಿಂಗಳ ಉದ್ದರಿಯ ಮೇಲೆ ಬಿಯರ್ ಕೊಟ್ಟಿತು. ಕಪ್ತಾನರು ಭಾರತದಲ್ಲಿ ಮಾರಾಟ ಮಾಡಿ, ಮರಳಿ ಬಂದ ಮೇಲೆ ಹಣ ಸಂದಾಯ ಮಾಡಬಹುದಿತ್ತು. ಗುಡ್‌ಹೋಪ್ ಭೂಶಿರವನ್ನು ಬಳಸಿ ಬರುವ ತಿಂಗಳುಗಟ್ಟಲೆಯ ಪಯಣದಲ್ಲಿ ಪೀಪಾಯಿಯೊಳಗಿನ ಪೇಲ್ ಏಲ್ ಇನ್ನಷ್ಟು ಮಾಗುತ್ತಿತ್ತು. ಮುಂದೆ ಇಂಡಿಯಾ ಪೇಲ್ ಏಲ್ ಎಂದು ಪ್ರಸಿದ್ಧವಾದದ್ದು ಇದೇ. ಭಾರತಕ್ಕೆಂದೇ ಇದನ್ನು ಹೊಸದಾಗಿ ಕಂಡುಹಿಡಿಯಲಾಯಿತು ಎಂಬ ಮಾತು ಪ್ರಚಲಿತವಿದ್ದರೂ, ಬಾಳಿಕೆ ಬರುವ ತಿಳಿ ಏಲ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಹಾಡ್ಜ್‌ಸನ್ ಮನೆತನದ ನಿಜವಾದ ಬಂಡವಾಳ ಉದ್ದರಿ ಮತ್ತು ಕಪ್ತಾನರ ವಿಶ್ವಾಸವಾಗಿತ್ತು.

1820ರ ದಶಕದ ಆರಂಭದಲ್ಲಿ ಆ ಮನೆತನದ ಮುಂದಿನ ತಲೆಮಾರು ಈ ಪದ್ಧತಿಯನ್ನೇ ಬದಲಿಸಿತು. ಬೆಲೆ ಏರಿಸಿತು, ಉದ್ದರಿ ನಿಲ್ಲಿಸಿತು, ಕಪ್ತಾನರನ್ನು ಬದಿಗೊತ್ತಿ ತಾನೇ ಸರಕು ರವಾನಿಸಲು ತೊಡಗಿತು. ಇದರಿಂದ ಅಸಮಾಧಾನ ಹೆಚ್ಚಿ, 1822ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರೊಬ್ಬರು ಬರ್ಟನ್-ಆನ್-ಟ್ರೆಂಟ್ ಪಟ್ಟಣದ ಸ್ಯಾಮ್ಯುಯೆಲ್ ಆಲ್ಸಪ್‌ಗೆ ಭಾರತದ ಮಾರುಕಟ್ಟೆಯನ್ನು ಪ್ರವೇಶಿಸುವಂತೆ ಸೂಚಿಸಿದರು. ರಷ್ಯಾ ವಿಧಿಸಿದ ಸುಂಕದಿಂದ ಬರ್ಟನ್ನಿನ ರಫ್ತು ಕುಸಿದಿದ್ದ ಕಾಲವದು. ಜಿಪ್ಸಂ ಅಂಶ ಹೆಚ್ಚಿದ್ದ ಅಲ್ಲಿನ ಬಾವಿನೀರು ತಿಳಿ ಏಲ್‌ಗೆ ಲಂಡನ್ನಿನ ನೀರಿಗಿಂತ ಒಗ್ಗಿತು. 1830ರ ದಶಕದಲ್ಲಿ ಆಲ್ಸಪ್ ಮತ್ತು ಬಾಸ್ ಸಂಸ್ಥೆಗಳು ಬೋ ಬ್ರೂವರಿಯನ್ನು ಹಿಂದಿಕ್ಕಿದವು.

ಬೆಂಗಳೂರಿನ ಅಧ್ಯಾಯ

ಸಾಗಣೆ ವೆಚ್ಚದ ದೃಷ್ಟಿಯಿಂದ ಬಿಯರನ್ನು ಭಾರತದಲ್ಲೇ ತಯಾರಿಸುವುದು ಸಹಜವಾದ ಮುಂದಿನ ಹೆಜ್ಜೆ. ಹುದುಗಿಗೆ ತಂಪು ಅಗತ್ಯವಾದ್ದರಿಂದ ಬ್ರೂವರಿಗಳು ಎತ್ತರದ ಊರುಗಳನ್ನು ಅರಸಿದವು. ನೀಲಗಿರಿಯಲ್ಲಿ 1857ರಲ್ಲಿ ಕ್ಯಾಸಲ್ ಬ್ರೂವರಿ ಸ್ಥಾಪನೆಯಾಯಿತು. ಸುಮಾರು 900 ಮೀಟರ್ ಎತ್ತರದಲ್ಲಿರುವ, ದೊಡ್ಡ ದಂಡುಪ್ರದೇಶವಿದ್ದ ಬೆಂಗಳೂರಿನಲ್ಲಿಯೂ ಬ್ರೂವರಿಗಳು ತಲೆಯೆತ್ತಿದವು. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಕಟ್ಟಿದರು. ಪೀಪಾಯಿಗಳು ಎತ್ತಿನ ಗಾಡಿಗಳಲ್ಲಿ ಬ್ರಿಟಿಷ್ ಸೈನಿಕರಿಗೆ ತಲುಪುತ್ತಿದ್ದ ಕಾಲವದು. 1947ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾಗಿ, ಮರುವರ್ಷ ಅಧ್ಯಕ್ಷರಾದರು. 2021ರಲ್ಲಿ ಸಂಸ್ಥೆಯ ನಿಯಂತ್ರಣ ನೆದರ್ಲೆಂಡಿನ ಹೈನೆಕೆನ್ ಪಾಲಾಯಿತು. ಬೆಂಗಳೂರಿನ ಹಳೆಯ ಬ್ರೂವರಿಯ ಜಾಗದಲ್ಲಿ ಇಂದು ಯು.ಬಿ. ಸಿಟಿ ನಿಂತಿದೆ.

ಲೆಕ್ಕಪುಸ್ತಕದ ಪಾಠ

ಬೋ ಬ್ರೂವರಿಯ ನಿರ್ಧಾರ ಕಾಗದದ ಮೇಲೆ ತಪ್ಪಾಗಿ ಕಾಣುವುದಿಲ್ಲ. ಉದ್ದರಿ ನಿಂತರೆ ಬಾಕಿ ಇಳಿಯುತ್ತದೆ, ಮಧ್ಯವರ್ತಿ ಹೋದರೆ ಆತನ ಲಾಭವೂ ತಯಾರಕನಿಗೇ ಸೇರುತ್ತದೆ. ಆದರೆ ಮಧ್ಯವರ್ತಿಯ ಕಮಿಷನ್ ಖರ್ಚಿನ ಬದಿಯಲ್ಲಿ ಎದ್ದು ಕಾಣುವಂತೆ, ಆತ ಹೊರುವ ಹೊಣೆ ಯಾವ ಖಾತೆಯಲ್ಲೂ ಕಾಣುವುದಿಲ್ಲ. ಸಾಗಣೆಯಲ್ಲಿ ಸರಕು ಕೆಡುವ ಭಯ, ದೂರದ ಪೇಟೆಯ ಧಾರಣೆಯ ಏರಿಳಿತ, ಗಿರಾಕಿಯ ಪರಿಚಯ ಇವೆಲ್ಲವನ್ನೂ ಕಪ್ತಾನರೇ ಹೊತ್ತಿದ್ದರು. ಭೀಮಸಮುದ್ರದ ಅಡಿಕೆ ವರ್ತಕರಿಗಾಗಲಿ, ಚಳ್ಳಕೆರೆಯ ಎಣ್ಣೆ ಗಿರಣಿಗಳಿಗಾಗಲಿ, ಸಿರಿಗೆರೆ ಹೊಳಲ್ಕೆರೆ ಭಾಗದ ಸಣ್ಣ ತಯಾರಕರಿಗಾಗಲಿ ಈ ಮಾತು ಅಪರಿಚಿತವಲ್ಲ.

ಹಾಗೆಂದು ಲೆಕ್ಕವಿಲ್ಲದ ಉದ್ದರಿಯೂ ಸಲ್ಲದು. ವಾರ್ಷಿಕ ಶೇ. 12ರ ಬಡ್ಡಿಯಲ್ಲಿ ಒಂದು ಲಕ್ಷ ರೂಪಾಯಿಯ ಸರಕನ್ನು 18 ತಿಂಗಳು ಉದ್ದರಿ ಕೊಟ್ಟರೆ 18,000 ರೂಪಾಯಿ ಬಡ್ಡಿಯೇ ಆಗುತ್ತದೆ. ಅದು ಬೆಲೆಯಲ್ಲಿ ಸೇರಿರಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಖರೀದಿಸಿದವರು ಕರಾರಿನ ಅವಧಿಯೊಳಗೆ ಹಣ ಪಾವತಿಸಬೇಕು. ಆ ಅವಧಿ 45 ದಿನ ಮೀರುವಂತಿಲ್ಲ. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಅವಧಿ, ಮಿತಿ, ಬಡ್ಡಿ ಮೂರನ್ನೂ ಬರವಣಿಗೆಯಲ್ಲಿ ನಿಗದಿಪಡಿಸಿಕೊಂಡ ಉದ್ದರಿ ವ್ಯಾಪಾರವನ್ನು ಬೆಳೆಸುತ್ತದೆ.

ಬದಲಾವಣೆ ಅನಿವಾರ್ಯವಾದಾಗ ಅದನ್ನು ಹಂತಹಂತವಾಗಿ, ಹಳೆಯ ವರ್ತಕರೊಡನೆ ಸಮಾಲೋಚಿಸಿ ಕೈಗೊಳ್ಳುವುದು ಕ್ಷೇಮಕರ. ಬೋ ಬ್ರೂವರಿಯ ಕಪ್ತಾನರಂತೆ, ಮುನಿದ ವರ್ತಕ ಸುಮ್ಮನೆ ಕೂರುವುದಿಲ್ಲ; ಮತ್ತೊಬ್ಬ ತಯಾರಕನ ಬಾಗಿಲು ತಟ್ಟುತ್ತಾನೆ.